ಆರೋಪಕ್ಕೆ ತೆರೆದ ಬಾಗಿಲು, ತಿದ್ದುಪಡಿಗೆ ಬೀಗ

ಸಾಂತಾಕ್ರೂಜ್ ಪೂರ್ವದಲ್ಲಿ, ವಾಕೋಲಾದ ಕಡೆಗೆ ಹೋಗುವ ರಸ್ತೆಯ ಯಾವ ಉಪಾಹಾರ ಗೃಹವನ್ನೇ ಆಗಲಿ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಹೊಕ್ಕು ನೋಡಿರಿ. ಊಟದ ಗಿರಾಕಿಗಳು ಹೋಗಿ ಸಂಜೆಯ ಚಹಾದ ಗಿರಾಕಿಗಳು ಬರುವುದಕ್ಕೆ ಮುಂಚಿನ ಆ ಒಂದು ತಾಸಿನ ಬಿಡುವಿನಲ್ಲಿ, ಸಪ್ಲೈಯರುಗಳೂ ಕ್ಲೀನರುಗಳೂ ಮೂಲೆಯ ಮೇಜುಗಳಿಗೆ ಒರಗಿ ತಲೆ ತಗ್ಗಿಸಿ ಕುಳಿತಿರುತ್ತಾರೆ. ಹಿಂದೆ ಈ ಹೊತ್ತಿನಲ್ಲಿ ಅವರು ನಿದ್ದೆ ಹೋಗುತ್ತಿದ್ದರು, ಇಲ್ಲವೆ ಊರಿಗೆ ಕಾಗದ ಬರೆಯುತ್ತಿದ್ದರು. ಈಗ ಪ್ರತಿಯೊಬ್ಬನ ಕೈಯಲ್ಲಿಯೂ ಮೊಬೈಲು. ಪ್ರತಿಯೊಂದು ಮೊಬೈಲಿನಲ್ಲಿಯೂ ಹತ್ತು ಹದಿನೈದು ವಾಟ್ಸಪ್ ಗುಂಪುಗಳು. ಊರ ದೇವಸ್ಥಾನದ ಜೀರ್ಣೋದ್ಧಾರದ್ದೊಂದು, ಶಾಲೆಯ ಹಳೆಯ ವಿದ್ಯಾರ್ಥಿಗಳದ್ದೊಂದು, ಜಾತಿ ಸಂಘದ ಸ್ಥಳೀಯ ಸಮಿತಿಯದ್ದೊಂದು, ಯಕ್ಷಗಾನಪ್ರಿಯರದ್ದೊಂದು, ಕೆಲಸ ಹುಡುಕುವವರದ್ದೊಂದು, ವಧೂವರಾನ್ವೇಷಣೆಯದ್ದೊಂದು. ಕಛೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ಬಾಂಧವರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅವರು ಇದೇ ಕೆಲಸವನ್ನು ಚರ್ಚ್‌ಗೇಟಿನ ಗಾಡಿಯಲ್ಲಿ ನಿಂತುಕೊಂಡೇ ಮಾಡುತ್ತಾರೆ, ಅಷ್ಟೆ.

ಈ ಗುಂಪುಗಳನ್ನು ಹೊರಗಿನಿಂದ ನೋಡಿದವರಿಗೆ ಒಂದೊಂದೂ ಒಂದೊಂದು ಪ್ರತ್ಯೇಕ ಮನೆಯೆಂದು ತೋರುತ್ತದೆ. ಪ್ರತಿಯೊಂದಕ್ಕೂ ಅಡ್ಮಿನ್ ಎಂಬ ಯಜಮಾನನಿದ್ದಾನೆ. ಬಾಗಿಲಿಗೆ ಬೇಕಾದವರನ್ನು ಸೇರಿಸುವವನೂ ಬೇಡವಾದವರನ್ನು ಕಳೆಯುವವನೂ ಅವನೇ. ಆದರೆ ಒಳಗಿದ್ದು ನೋಡಿದವರಿಗೆ ಬೇರೊಂದು ಸಂಗತಿ ತಿಳಿಯುತ್ತದೆ. ಒಬ್ಬನೇ ಮನುಷ್ಯ ಹನ್ನೆರಡು ಮನೆಗಳ ಸದಸ್ಯನಾಗಿರುವುದರಿಂದ ಎಲ್ಲ ಮನೆಗಳಿಗೂ ನಡುವೆ ಕಳ್ಳಬಾಗಿಲುಗಳಿವೆ. ಒಂದು ಮನೆಯಲ್ಲಿ ಆಡಿದ ಮಾತು ಅರ್ಧ ಗಂಟೆಯಲ್ಲಿ ಎಲ್ಲ ಮನೆಗಳ ಜಗಲಿಯಲ್ಲಿರುತ್ತದೆ. ಮನೆಗಳು ಹಲವು, ಮಾತು ಒಂದೇ, ಯಜಮಾನರೋ ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಇಂಥ ಒಕ್ಕೂಟದಲ್ಲಿ ಚರ್ಚೆಯನ್ನು ನಿಯಂತ್ರಿಸುವವರು ಯಾರು, ಯಾವ ವಿಷಯಕ್ಕೆ ಯಾವ ಕೊಠಡಿ, ತಪ್ಪಾದರೆ ತಿದ್ದುವ ದಾರಿ ಯಾವುದು? ಈ ಪ್ರಶ್ನೆಗಳು ಪುಸ್ತಕದ ಪ್ರಶ್ನೆಗಳೆಂದು ಈ ಲೇಖಕನೂ ಬಹಳ ಕಾಲ ಭಾವಿಸಿದ್ದನು. ಹಾಗಲ್ಲವೆಂದು ಕಲಿಸಿದವನು ಕುಂದಾಪುರದ ಕಡೆಯ ಒಬ್ಬ ಹುಡುಗ.

ಅವನ ಕಥೆಗೆ ಮುಂಚೆ ಒಂದು ಮಾತು ಹೇಳಬೇಕು. ಮುಂಬಯಿಯ ಕನ್ನಡಿಗರಿಗೆ ಒಕ್ಕೂಟವೆಂಬುದು ಹೊಸದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ೧೯೦೨ರದು; ಮೈಸೂರು ಅಸೋಸಿಯೇಶನ್ ೧೯೨೬ರದು; ಬಂಟರ ಸಂಘ ೧೯೨೭ರದು; ನಮ್ಮ ಸಾಂತಾಕ್ರೂಜ್‌ನಲ್ಲಿಯೇ ಭವನವಿರುವ ಬಿಲ್ಲವರ ಎಸೋಸಿಯೇಶನ್ ೧೯೩೨ರದು; ಕರ್ನಾಟಕ ಸಂಘ ೧೯೩೩ರದು. ಇವುಗಳಲ್ಲಿ ದೊಡ್ಡ ಸಂಘಗಳು ಉಪನಗರಗಳುದ್ದಕ್ಕೂ ಸ್ಥಳೀಯ ಸಮಿತಿಗಳನ್ನೂ ಪ್ರಾದೇಶಿಕ ಸಮಿತಿಗಳನ್ನೂ ಇಟ್ಟುಕೊಂಡು ಬಂದಿವೆ. ಅವುಗಳ ಸಭೆಗಳಲ್ಲಿ ಕುಳಿತವರಿಗೆಲ್ಲ ಕಾರ್ಯಸೂಚಿಯ ಪರಿಚಯವುಂಟು. ಹಿಂದಿನ ಸಭೆಯ ನಡಾವಳಿ, ಲೆಕ್ಕಪತ್ರ, ವಿದ್ಯಾರ್ಥಿವೇತನ, ವಾರ್ಷಿಕೋತ್ಸವ ಎಂದು ಕ್ರಮವಾಗಿ ಬಂದು, ಕಟ್ಟಕಡೆಗೆ ‘ಅಧ್ಯಕ್ಷರ ಅನುಮತಿಯಿಂದ ಬರುವ ಇತರ ವಿಷಯಗಳು’ ಎಂದಿರುತ್ತದೆ. ಜಗಳಗಳೆಲ್ಲ ಆ ಕಡೆಯ ಬಾಬಿನಲ್ಲಿಯೇ ಹುಟ್ಟುವುದೆಂಬುದು ಅನುಭವಸ್ಥರಿಗೆ ಗೊತ್ತು. ವಾಟ್ಸಪ್ ಗುಂಪಿನಲ್ಲಿ ಇರುವುದು ಆ ಕಡೆಯ ಬಾಬು ಮಾತ್ರ. ಅದೂ ಅಧ್ಯಕ್ಷರ ಅನುಮತಿಯಿಲ್ಲದೆ.

೨೦೧೯ರ ಮಳೆಗಾಲದ ಸಂಗತಿ. ಎಸ್ಸೆಸ್ಸೆಲ್ಸಿ ಮುಗಿಸಿ ಬಸ್ಸು ಹತ್ತಿ ಬಂದು, ಬಟ್ಟಲು ತೊಳೆಯುವುದರಿಂದ ಆರಂಭಿಸಿ ಗಲ್ಲೆಯ ಮೇಲೆ ಕೂರುವವರೆಗೆ ಬೆಳೆದ ಈ ಲೇಖಕನು, ಆ ಗಲ್ಲೆಯನ್ನು ತಮ್ಮನಿಗೆ ಒಪ್ಪಿಸಿ ಪತ್ರಿಕೆಯ ಮೇಜಿಗೆ ಬಂದು ಆಗ ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಪರಿಸರದ ಒಂದು ಹೋಟೇಲಿನ ಗಲ್ಲೆಯಲ್ಲಿ ಹದಿನೆಂಟು ಸಾವಿರ ರೂಪಾಯಿ ಕಡಮೆ ಬಂದಿತು. ಅದೇ ದಿನ ಬೆಳಿಗ್ಗೆ ಅಲ್ಲಿಯ ಒಬ್ಬ ಸಪ್ಲೈಯರ್, ತಾಯಿಗೆ ಕಾಯಿಲೆ ಜೋರಾಗಿದೆಯೆಂದು ಫೋನು ಬಂದುದರಿಂದ, ಮ್ಯಾನೇಜರಿಗೆ ಹೇಳಿ ಊರಿನ ಗಾಡಿ ಹಿಡಿದಿದ್ದನು. ಇಷ್ಟು ಸಾಕಾಯಿತು. ಮಾಲೀಕರ ನೆಂಟನೊಬ್ಬನು ಹುಡುಗನ ಭಾವಚಿತ್ರವನ್ನೂ ಹೆಸರನ್ನೂ ಊರನ್ನೂ ಸೇರಿಸಿ, ‘ಗಲ್ಲೆ ದೋಚಿ ಪರಾರಿ, ಯಾರೂ ಕೆಲಸ ಕೊಡಬೇಡಿ, ಎಲ್ಲ ಗುಂಪುಗಳಿಗೂ ಕಳುಹಿಸಿ’ ಎಂದು ಬರೆದು ಹೋಟೇಲು ಮಾಲೀಕರ ಗುಂಪೊಂದಕ್ಕೆ ಹಾಕಿದನು. ಬರೆದವನ ಹೆಸರು ಅದರಲ್ಲಿರಲಿಲ್ಲ.

ಆ ಸಂದೇಶವು ಸಂಜೆ ಐದರ ಸುಮಾರಿಗೆ ನಮಗೂ ಬಂದಿತು. ಪತ್ರಿಕೆಗೆ ಬರುವ ವಾಚಕರ ಪತ್ರಗಳಲ್ಲಿ ಹೆಸರು ವಿಳಾಸಗಳಿಲ್ಲದ ಒಂದನ್ನೂ ನಾವು ಅಚ್ಚಿಗೆ ಕೊಡುವುದಿಲ್ಲ. ಹೆಸರನ್ನು ಪ್ರಕಟಿಸಬಾರದೆಂದು ಕೋರಿದರೆ ಪ್ರಕಟಿಸುವುದಿಲ್ಲ, ಆದರೆ ಕಛೇರಿಗೆ ಅದು ಗೊತ್ತಿರಲೇಬೇಕು. ಅಂಥ ಸಂಪಾದಕನೇ, ಬೆರಳಿನಿಂದ ಎರಡು ಸಲ ಒತ್ತಿ, ಆ ಅನಾಮಧೇಯ ಆರೋಪವನ್ನು ಎರಡು ಗುಂಪುಗಳಿಗೆ ದಾಟಿಸಿದನು. ಎರಡರಲ್ಲಿ ಒಂದಕ್ಕೆ ಅಡ್ಮಿನ್ ತಾನೇ ಆಗಿದ್ದನು. ನಮ್ಮ ಜನರನ್ನು ಎಚ್ಚರಿಸಿದೆನೆಂಬ ಸಮಾಧಾನದಿಂದ ಆ ರಾತ್ರಿ ಚೆನ್ನಾಗಿಯೇ ನಿದ್ದೆ ಬಂದಿತೆಂಬುದನ್ನೂ ಮುಚ್ಚಿಡಬಾರದು.

ಮೂರನೆಯ ದಿನ ನಿಜ ಹೊರಬಿದ್ದಿತು. ಹಿಂದಿನ ರಾತ್ರಿ ಮಾಲೀಕರ ಅಣ್ಣನವರೇ ಕಿರಾಣಿ ವ್ಯಾಪಾರಿಯ ಬಾಕಿಗೆಂದು ಆ ಹಣವನ್ನು ಒಯ್ದು, ಗಲ್ಲೆಯಲ್ಲಿ ಚೀಟಿ ಇಡಲು ಮರೆತಿದ್ದರು. ಮಾಲೀಕರು ಒಳ್ಳೆಯವರು, ಬಹಳ ನೊಂದುಕೊಂಡರು. ತಮ್ಮ ಗುಂಪಿನಲ್ಲಿ ‘ಹಣ ಸಿಕ್ಕಿದೆ, ವಿಷಯ ಮುಗಿಯಿತು’ ಎಂದು ಒಂದು ಸಾಲು ಬರೆಸಿದರು. ಹುಡುಗನ ಹೆಸರು ಆ ಸಾಲಿನಲ್ಲಿ ಬರಲಿಲ್ಲ. ಕೆಳಗೆ ಇಪ್ಪತ್ತು ಮೂವತ್ತು ಮಂದಿ ಕೈಮುಗಿದ ಚಿತ್ರ ಹಾಕಿದರು.

ಇಪ್ಪತ್ತು ದಿನಗಳ ಮೇಲೆ, ತಾಯಿಯ ಉತ್ತರಕ್ರಿಯೆಯನ್ನು ಮುಗಿಸಿ, ತಲೆ ಬೋಳಿಸಿಕೊಂಡು ಆ ಹುಡುಗ ಮುಂಬಯಿಗೆ ಮರಳಿದನು. ಹಳೆಯ ಹೋಟೇಲಿನಲ್ಲಿ ಅವನ ಜಾಗಕ್ಕೆ ಬೇರೆಯವನು ಬಂದಾಗಿದ್ದಿತು. ಪಾರ್ಲೆಗೆ ಹೋದನು, ಅಂಧೇರಿಗೆ ಹೋದನು, ಜೋಗೇಶ್ವರಿಯವರೆಗೂ ನಡೆದನು. ಎಲ್ಲಿ ಹೋದರೂ ಗಲ್ಲೆಯ ಮೇಲಿದ್ದವರು ಮೊದಲು ಅವನ ಮುಖವನ್ನು ನೋಡುವರು, ಅನಂತರ ಮೊಬೈಲನ್ನು ನೋಡುವರು, ಅನಂತರ ಜಾಗ ಖಾಲಿಯಿಲ್ಲವೆನ್ನುವರು. ಕಡೆಗೆ ಯಾರೋ ಹೇಳಿದರೆಂದು ನಮ್ಮ ಕಛೇರಿಯ ಮೆಟ್ಟಲು ಹತ್ತಿ ಬಂದು, ತನ್ನ ಮೊಬೈಲಿನಲ್ಲಿದ್ದ ತನ್ನದೇ ಚಿತ್ರವನ್ನು ಮುಂದಿಟ್ಟು ಕೇಳಿದನು: “ಅಣ್ಣಾ, ಇದನ್ನು ಎಲ್ಲಿಗೆ ಹೋಗಿ ಅಳಿಸಬೇಕು?”

ಆ ಪ್ರಶ್ನೆಗೆ ಕೊಡತಕ್ಕ ಉತ್ತರ ನಮ್ಮಲ್ಲಿರಲಿಲ್ಲ. ಆ ಕಾಲದಲ್ಲಿ ವಾಟ್ಸಪ್ ಸಂದೇಶವನ್ನು ಕಳುಹಿಸಿದವನೇ ಎಲ್ಲರ ಮೊಬೈಲಿನಿಂದ ಅಳಿಸಬೇಕಾದರೆ ಸುಮಾರು ಒಂದು ಗಂಟೆಯೊಳಗೆ ಅಳಿಸಬೇಕಾಗಿದ್ದಿತು. ಬೇರೆಯವರು ಹಾಕಿದ ಸಂದೇಶವನ್ನು ಅಳಿಸುವ ಅಧಿಕಾರ ಅಡ್ಮಿನ್‌ಗೆ ಇರಲೇ ಇಲ್ಲ. ಅದು ಬಂದುದು ೨೦೨೨ರಲ್ಲಿ. ಇನ್ನು, ದಾಟಿಸಿದ ಪ್ರತಿಯೊಂದು ಪ್ರತಿಯೂ ಮೂಲದ ಹಂಗಿಲ್ಲದೆ ಸ್ವತಂತ್ರವಾಗಿ ಬದುಕತಕ್ಕದ್ದು. ಮೂಲವನ್ನು ಅಳಿಸಿದರೂ ಅದರ ಮಕ್ಕಳು ಮೊಮ್ಮಕ್ಕಳು ಉಳಿಯುತ್ತವೆ. ಲೆಕ್ಕವನ್ನು ನೋಡಿರಿ: ಅಂದಿನ ನಿಯಮದ ಪ್ರಕಾರ ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದಾಗಿದ್ದಿತು. ಐದು ಗುಂಪುಗಳೆಂದರೆ, ಗುಂಪಿಗೆ ಅಂದಿನ ಮಿತಿಯಾದ ೨೫೬ ಜನರಂತೆ, ೧,೨೮೦ ಜನ. ಒಬ್ಬನ ಒಂದು ಒತ್ತಿಗೆ ಇಷ್ಟು.

ಆ ಐದರ ಮಿತಿಯೂ ಸುಮ್ಮನೆ ಬಂದುದಲ್ಲ. ೨೦೧೮ರ ಜುಲೈ ೧ರಂದು ನಮ್ಮದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾ ಎಂಬ ಹಳ್ಳಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿಯನ್ನು ನಂಬಿದ ಜನರು ಅಲೆಮಾರಿ ಸಮುದಾಯದ ಐವರನ್ನು ಹೊಡೆದು ಕೊಂದರು. ಎರಡು ವಾರ ತುಂಬುವುದರೊಳಗೆ, ಜುಲೈ ೧೩ರಂದು, ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ತರುಣ ಇಂಜಿನಿಯರನ ಪ್ರಾಣ ಹೋಯಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟುದೇ ಸಂಶಯಕ್ಕೆ ಕಾರಣ. ಕಾರಿನಲ್ಲಿ ತಪ್ಪಿಸಿಕೊಂಡು ಹೊರಟವರಿಗಿಂತ ಮುಂಚೆ ಸಂದೇಶವು ಮುಂದಿನ ಊರನ್ನು ಮುಟ್ಟಿ, ಅಲ್ಲಿಯವರು ರಸ್ತೆಗೆ ಅಡ್ಡಗಟ್ಟಿದ್ದರು. ಅದೇ ತಿಂಗಳು ವಾಟ್ಸಪ್‌ನವರು ಭಾರತದಲ್ಲಿ ಐದರ ಮಿತಿಯನ್ನು ಸಾರಿದರು. ೨೦೨೦ರ ಏಪ್ರಿಲಿನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ದಾಟಿಸಬಹುದೆಂದು ಇನ್ನೂ ಬಿಗಿಮಾಡಿದರು. ನಮ್ಮ ಹುಡುಗನಿಗೆ ಯಾರೂ ಹೊಡೆಯಲಿಲ್ಲ. ಜಾಗ ಖಾಲಿಯಿಲ್ಲವೆಂದರು, ಅಷ್ಟೆ.

ಅಳಿಸಲು ಸಾಧ್ಯವಿಲ್ಲವೆಂದಮೇಲೆ ಉಳಿದುದು ತಿದ್ದುಪಡಿಯೊಂದೇ. ನಾವಿಬ್ಬರೂ ಕುಳಿತು ಒಂದು ನೋಟುಬುಕ್ಕಿನಲ್ಲಿ, ಆ ಚಿತ್ರವು ಯಾವ ಯಾವ ಗುಂಪುಗಳಲ್ಲಿ ಕಾಣಿಸಿಕೊಂಡಿತೆಂಬುದನ್ನು ಬರೆಯತೊಡಗಿದೆವು. ಅವನ ಸ್ನೇಹಿತರನ್ನೂ ನಮ್ಮ ಪರಿಚಯದವರನ್ನೂ ವಿಚಾರಿಸಿ ನಾಲ್ಕು ದಿನಗಳಲ್ಲಿ ಹದಿನಾಲ್ಕು ಗುಂಪುಗಳನ್ನು ಪತ್ತೆಹಚ್ಚಿದೆವು. ಎಲ್ಲ ಅಡ್ಮಿನ್‌ಗಳಿಗೂ ಒಂದೇ ಒಕ್ಕಣೆಯ ತಿದ್ದುಪಡಿಯನ್ನು ಕಳುಹಿಸಿದೆವು: ಇಂಥ ದಿನ ಇಂಥವನ ಮೇಲೆ ಬಂದ ಆರೋಪ ಸುಳ್ಳು, ಹಣ ಸಿಕ್ಕಿದೆ, ಹುಡುಗ ನಿರಪರಾಧಿ. ಕೆಳಗೆ ಮಾಲೀಕರ ಹೆಸರು, ನಮ್ಮ ಹೆಸರು, ಇಬ್ಬರ ಫೋನು ನಂಬರು.

ಒಂಬತ್ತು ಮಂದಿ ಹಾಕಿದರು. ಇಬ್ಬರು ಉತ್ತರಿಸಲಿಲ್ಲ. ಉಳಿದ ಮೂವರ ಉತ್ತರವನ್ನು ಮಾತ್ರ ಈ ಲೇಖಕನು ಮರೆಯಲಾರನು. ಒಬ್ಬರು ತಮ್ಮದು ಯಕ್ಷಗಾನದ ಗುಂಪು, ಹೋಟೇಲಿನ ವಿಷಯ ಹಾಕುವಂತಿಲ್ಲವೆಂದರು. ಇನ್ನೊಬ್ಬರು ತಮ್ಮ ಗುಂಪಿನಲ್ಲಿ ಆಗ ಅದನ್ನು ಯಾರೂ ಗಮನಿಸಲಿಲ್ಲ, ಈಗ ತಿದ್ದುಪಡಿ ಹಾಕಿದರೆ ಸತ್ತ ವಿಷಯಕ್ಕೆ ಜೀವ ಬಂದಂತಾಗುತ್ತದೆಂದರು. ಮೂರನೆಯವರದು ವಧೂವರರ ಗುಂಪು. ಅವರು ಬಹಳ ವಿನಯದಿಂದ, “ರಾಯರೇ, ನಮ್ಮಲ್ಲಿ ಜಾತಕ, ಭಾವಚಿತ್ರ, ವಿದ್ಯಾರ್ಹತೆ ಈ ಮೂರನ್ನು ಬಿಟ್ಟು ಬೇರೆ ವಿಷಯಕ್ಕೆ ಅವಕಾಶವಿಲ್ಲವೆಂದು ನಿಯಮ ಮಾಡಿದ್ದೇವೆ” ಎಂದರು. ಆ ನಿಯಮವು ಇಪ್ಪತ್ತು ದಿನಗಳ ಹಿಂದೆ ಎಲ್ಲಿಗೆ ಹೋಗಿದ್ದಿತೆಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಮದುವೆಯ ವಯಸ್ಸಿನ ಹುಡುಗನ ಮೇಲಿನ ಕಳ್ಳತನದ ಆರೋಪವು ಒಳಗೆ ಬರುವಾಗ ಯಾವ ವಿಭಾಗವೆಂದು ಯಾರೂ ಕೇಳಿರಲಿಲ್ಲ. ಅದು ಸುಳ್ಳೆಂಬ ಮಾತು ಬಂದಾಗ ಮಾತ್ರ ವಿಭಾಗದ ಪ್ರಶ್ನೆ ಎದ್ದಿತು.

ಯೂಸ್‌ನೆಟ್ಟಿನ ಪಾಠ

ಇಂಥ ಕಷ್ಟ ನಮಗೇ ಮೊದಲು ಬಂದುದೆಂದು ತಿಳಿಯಬೇಕಾಗಿಲ್ಲ. ಅಮೇರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ೧೯೭೯ರಲ್ಲಿ ಯೋಚಿಸಿ ೧೯೮೦ರಲ್ಲಿ ನಡೆಸಿದ ಯೂಸ್‌ನೆಟ್ ಎಂಬ ಏರ್ಪಾಡಿನಲ್ಲಿ, ಒಬ್ಬ ಒಡೆಯನ ಕೈಕೆಳಗೆ ಎಲ್ಲವೂ ಇರಲಿಲ್ಲ. ಒಂದೊಂದು ವಿದ್ಯಾಲಯದ ಒಂದೊಂದು ಯಂತ್ರವೂ ತನ್ನ ಬಳಿಗೆ ಬಂದ ಬರಹಗಳನ್ನು ಟೆಲಿಫೋನ್ ತಂತಿಯ ಮೂಲಕ ನೆರೆಯ ಯಂತ್ರಕ್ಕೆ ದಾಟಿಸುತ್ತಿದ್ದಿತು. ನಮ್ಮ ಅಂಚೆ ಕಛೇರಿಗಳು ಚೀಲ ಬದಲಾಯಿಸಿಕೊಳ್ಳುವಂತೆಯೇ ಎನ್ನಬಹುದು. ಚರ್ಚೆಗಳು ಬೆಳೆದು ಗೊಂದಲವೆದ್ದಾಗ, ೧೯೮೬-೮೭ರಲ್ಲಿ ಎಲ್ಲ ವಿಷಯಗಳನ್ನೂ ಏಳು ತಲೆಬರಹಗಳ ಕೆಳಗೆ ಹೊಸದಾಗಿ ವಿಂಗಡಿಸಿದರು: ಗಣಕಯಂತ್ರ, ವಿಜ್ಞಾನ, ವಿನೋದ, ಸಮಾಜ, ಯೂಸ್‌ನೆಟ್ಟಿನದೇ ಸಮಾಚಾರ, ಇತರ, ಮತ್ತು ವಾದವಿವಾದ. ಕಡೆಯದನ್ನು ಬೇರೆಯಿಟ್ಟುದರಲ್ಲಿ ಒಂದು ಜಾಣತನವಿದ್ದಿತು. ತಂತಿಯ ವೆಚ್ಚ ಕೊಡಬೇಕಾದ ದೂರದೇಶದ ಯಂತ್ರಗಳವರು, ಜಗಳದ ಚೀಲ ನಮಗೆ ಬೇಡವೆಂದರೆ, ಉಳಿದ ಆರು ಚೀಲಗಳನ್ನು ಮಾತ್ರ ತರಿಸಿಕೊಳ್ಳಬಹುದಾಗಿದ್ದಿತು. ಸಮಾಜದ ತಲೆಬರಹದ ಕೆಳಗೆ, ಭಾರತೀಯ ಸಂಸ್ಕೃತಿಯ ಶಾಖೆಯೊಳಗೆ, ಮುಂದೆ ಕರ್ನಾಟಕಕ್ಕೆಂದೇ ಒಂದು ಕೊಠಡಿಯೂ ಹುಟ್ಟಿತು. ಪರದೇಶಗಳಲ್ಲಿ ಓದುತ್ತಿದ್ದ, ದುಡಿಯುತ್ತಿದ್ದ ಕನ್ನಡಿಗರು ಅಲ್ಲಿ ಕಲೆಯುತ್ತಿದ್ದರು.

ಅಲ್ಲಿಯ ಕೆಲವು ಕೊಠಡಿಗಳಿಗೆ ನಿಯಾಮಕನೊಬ್ಬನಿದ್ದನು. ಬರಹವು ಮೊದಲು ಅವನ ಕೈಗೆ ಹೋಗಿ, ಅವನು ಒಪ್ಪಿದ ಗುರುತು ಹಾಕಿದ ಮೇಲೆಯೇ ಎಲ್ಲ ಯಂತ್ರಗಳಿಗೂ ಹಂಚಿಹೋಗುತ್ತಿದ್ದಿತು. ಸಂಪಾದಕನ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಆದರೆ ಹಂಚಿಹೋದ ಬರಹವನ್ನು ಹಿಂದಕ್ಕೆ ಕರೆಯುವುದು ಹೇಗೆ? ಅದಕ್ಕಾಗಿ ‘ರದ್ದು’ ಎಂಬ ಒಂದು ಬಗೆಯ ಸಂದೇಶವನ್ನು ಏರ್ಪಡಿಸಿದ್ದರು. ಬರೆದವನು ಅದನ್ನು ಕಳುಹಿಸಿದರೆ, ಮೂಲ ಬರಹವು ಹೋದ ದಾರಿಯಲ್ಲಿಯೇ ಅದೂ ಹೋಗಿ, ಮುಟ್ಟಿದಲ್ಲೆಲ್ಲ ಬರಹವನ್ನು ಅಳಿಸಬೇಕು. ಕೆಲವು ಕಾಲ ನಡೆಯಿತು. ಅನಂತರ ಕಿಡಿಗೇಡಿಗಳು ಇತರರ ಹೆಸರಿನಲ್ಲಿ ಸುಳ್ಳು ರದ್ದುಗಳನ್ನು ಕಳುಹಿಸಿ, ತಮಗೆ ಹಿಡಿಸದವರ ಮಾತನ್ನು ಅಳಿಸಲಾರಂಭಿಸಿದರು. ಆಗ ಎಷ್ಟೋ ಯಂತ್ರಗಳವರು ಯಾವ ರದ್ದನ್ನೂ ಪಾಲಿಸುವುದಿಲ್ಲವೆಂದು ಕುಳಿತರು. ೨೦೧೬ರಲ್ಲಿ ಹೊರಟ ಮಾಸ್ಟೋಡಾನ್ ಎಂಬ ಇಂದಿನ ಒಕ್ಕೂಟದಲ್ಲಿಯೂ ಕಥೆ ಇದೇ. ನೆರೆಯ ಯಂತ್ರಕ್ಕೆ ‘ದಯವಿಟ್ಟು ಅಳಿಸಿರಿ’ ಎಂದು ಕೋರಿಕೆ ಹೋಗುತ್ತದೆ. ಪಾಲಿಸುವುದು ಬಿಡುವುದು ಅವರ ಚಿತ್ತ. ಬಹಳವೆಂದರೆ ಅವರೊಡನೆ ಸಂಬಂಧವನ್ನು ಕಡಿದುಕೊಳ್ಳಬಹುದು.

ಹಾಗಾದರೆ ಅಡ್ಮಿನ್‌ನ ಮೇಲೆ ಕಾನೂನಿನ ಹೊರೆ ಹೊರಿಸಿದರೆ ಸರಿಹೋಗುವುದೆಂದು ಕೆಲವರು ಹೇಳುವುದುಂಟು. ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠವು ೨೦೨೧ರ ಮಾರ್ಚ್ ೧ರಂದು ಈ ವಿಷಯದಲ್ಲಿ ಒಂದು ತೀರ್ಪು ಕೊಟ್ಟಿದೆ. ಗೋಂದಿಯಾ ಜಿಲ್ಲೆಯಲ್ಲಿ ೨೦೧೬ರಲ್ಲಿ, ಗುಂಪೊಂದರ ಸದಸ್ಯನು ಅದೇ ಗುಂಪಿನ ಮಹಿಳೆಗೆ ಹೊಲಸು ಮಾತನ್ನಾಡಿದನೆಂದೂ, ಅಡ್ಮಿನ್ ಅವನನ್ನು ತೆಗೆದುಹಾಕಲಿಲ್ಲವೆಂದೂ ಬಂದ ದೂರು ಅದು. ಅಡ್ಮಿನ್‌ಗೆ ಜನರನ್ನು ಸೇರಿಸುವ, ಕಳೆಯುವ ಅಧಿಕಾರವೇ ಹೊರತು, ಮಾತು ಹೊರಬರುವುದಕ್ಕೆ ಮುಂಚೆ ತಡೆಯುವ ಅಧಿಕಾರವಿಲ್ಲ. ಇಬ್ಬರೂ ಕೂಡಿ ಹೂಡಿದ ಸಂಚು ಅಥವಾ ಸಮಾನ ಉದ್ದೇಶವಿಲ್ಲದಿದ್ದರೆ ಸದಸ್ಯನ ತಪ್ಪಿಗೆ ಅಡ್ಮಿನ್ ಹೊಣೆಯಲ್ಲ ಎಂದು ನ್ಯಾಯಾಲಯವು ಅವನ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಿತು. ನ್ಯಾಯವಾದ ತೀರ್ಪೆಂದೇ ನಮಗೆ ತೋರುತ್ತದೆ. ಬೇರೆಯವನು ಉಗುಳಿದುದಕ್ಕೆ ಮನೆಯ ಯಜಮಾನನನ್ನು ಜೈಲಿಗೆ ಕಳುಹಿಸಿದರೆ ಯಾವ ಮನೆಯೂ ತೆರೆದಿರಲಾರದು. ಆದರೆ ಮಾನಹಾನಿಯ ಕಾನೂನು, ಹಿಂದಿನ ದಂಡಸಂಹಿತೆಯಲ್ಲಿಯೂ, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೫೬ನೆಯ ಕಲಮಿನಲ್ಲಿಯೂ, ಆರೋಪವನ್ನು ಮಾಡಿದವನೊಡನೆ ಪ್ರಕಟಿಸಿದವನನ್ನೂ ಹೆಸರಿಸುತ್ತದೆಂಬುದನ್ನು, ‘ಬರೆದವನು ನಾನಲ್ಲ, ದಾಟಿಸಿದೆ ಅಷ್ಟೆ’ ಎನ್ನುವವರು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಈ ಲೇಖಕನು ಓದಿಕೊಂಡಿದ್ದಾನೆ.

ಅದಿರಲಿ. ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ನಿಯಂತ್ರಣವೆಂಬ ಕತ್ತಿ ಎತ್ತ ಬೀಸಿದರೂ ಕೊಯ್ಯುತ್ತದೆ. ವಿರಾರಿನ ಆಚೆಯ ಪಾಲ್‌ಘರ್‌ನಲ್ಲಿ ೨೦೧೨ರ ನವೆಂಬರಿನಲ್ಲಿ ನಡೆದುದನ್ನು ಪಶ್ಚಿಮ ರೈಲ್ವೆಯ ನಮ್ಮ ವಾಚಕರು ಮರೆತಿರಲಾರರು. ಬಾಳ ಠಾಕರೆಯವರ ನಿಧನಾನಂತರದ ಬಂದ್ ಕುರಿತು ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ನಾಲ್ಕು ಮಾತು ಬರೆದಳು. ಇನ್ನೊಬ್ಬಳು ಅದಕ್ಕೆ ಮೆಚ್ಚುಗೆಯ ಗುರುತೊತ್ತಿದಳು. ಪೊಲೀಸರು ಇಬ್ಬರನ್ನೂ ಹಿಡಿದರು. ಮುಂದೆ ಅವರ ಮೇಲಿನ ಮೊಕದ್ದಮೆ ಬಿದ್ದುಹೋಯಿತು. ಹಿಡಿಯುವುದಕ್ಕೆ ಆಧಾರವಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬-ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯವು ೨೦೧೫ರ ಮಾರ್ಚ್ ೨೪ರಂದು ಹೊಡೆದುಹಾಕಿತು.

ಅಷ್ಟು ದೊಡ್ಡ ಉದಾಹರಣೆ ಬೇಕಾಗಿಲ್ಲ. ನಮಗೆ ಗೊತ್ತಿರುವ ಒಂದು ಗುಂಪಿನಲ್ಲಿ, ವಾರ್ಷಿಕೋತ್ಸವದ ಊಟದ ಖರ್ಚಿನ ಲೆಕ್ಕ ಎಲ್ಲಿದೆಯೆಂದು ಒಬ್ಬ ಬ್ಯಾಂಕು ಗುಮಾಸ್ತರು ಕೇಳಿದರು. ‘ಇದು ಸಾಂಸ್ಕೃತಿಕ ವಿಭಾಗ, ಲೆಕ್ಕಪತ್ರಕ್ಕೆ ಇಲ್ಲಿ ಅವಕಾಶವಿಲ್ಲ’ ಎಂದು ಅವರ ಪ್ರಶ್ನೆಯನ್ನು ಅಳಿಸಿದರು. ಹಾಗಾದರೆ ಲೆಕ್ಕಪತ್ರದ ವಿಭಾಗ ಯಾವುದೆಂದು ಕೇಳಿದರು. ಅಂಥದೊಂದು ಇರಲಿಲ್ಲ. ಮೂರನೆಯ ಸಲ ಕೇಳುವಷ್ಟರಲ್ಲಿ ಅವರೇ ಗುಂಪಿನಲ್ಲಿರಲಿಲ್ಲ. ತಿದ್ದುಪಡಿಗೆ ಬಾಗಿಲು ಹಾಕಿದ ವಿಭಾಗವೇ ಪ್ರಶ್ನೆಗೂ ಬಾಗಿಲು ಹಾಕಬಲ್ಲುದು.

ಇಲ್ಲಿ ನಮಗೆ ತಾಳಮದ್ದಳೆಯ ಭಾಗವತರ ನೆನಪು ಬರುತ್ತದೆ. ಅರ್ಥಧಾರಿಗಳಿಬ್ಬರು ಮಾತಿಗೆ ಮಾತು ಬೆಳೆಸಿ, ವಾಲಿ ಸುಗ್ರೀವರನ್ನು ಬಿಟ್ಟು ತಮ್ಮ ತಮ್ಮ ಸ್ವಂತ ಜಗಳಕ್ಕೆ ಇಳಿಯುವ ಲಕ್ಷಣ ಕಂಡರೆ ಭಾಗವತರು ಬಯ್ಯುವುದಿಲ್ಲ, ಎದ್ದುಹೋಗೆನ್ನುವುದಿಲ್ಲ. ತಾಳ ತಟ್ಟಿ ಮುಂದಿನ ಪದ್ಯವನ್ನು ಎತ್ತುತ್ತಾರೆ. ಮದ್ದಳೆಯ ಪೆಟ್ಟು ಬಿದ್ದಮೇಲೆ ಎಂಥ ವಾಗ್ಮಿಯೂ ಬಾಯಿ ಮುಚ್ಚಲೇಬೇಕು. ಆದರೆ ಭಾಗವತರು ಎಲ್ಲರೆದುರಿಗೆ, ಚಾಪೆಯ ನಡುವೆ ಕುಳಿತಿರುತ್ತಾರೆ. ಪದ್ಯವನ್ನು ಅಕಾಲದಲ್ಲಿ ಎತ್ತಿದರೆ ಸಭೆ ಅವರನ್ನು ನೋಡುತ್ತದೆ. ಪತ್ರಿಕೆಗೂ ಅದೇ ನ್ಯಾಯ. ೧೮೬೭ರ ಮುದ್ರಣ ಕಾಯಿದೆಯ ಕಾಲದಿಂದ ಬೆಳೆದುಬಂದ ಪದ್ಧತಿಯಂತೆ ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರುಗಳು ಪತ್ರಿಕೆಯ ಪುಟದ ಅಡಿಯಲ್ಲಿರುತ್ತವೆ. ಬಯ್ಯಬೇಕಾದವನಿಗೆ ವಿಳಾಸ ಸಿಗುತ್ತದೆ. ವಾಟ್ಸಪ್ ಗುಂಪಿನಲ್ಲಿ ಹತ್ತು ಮಂದಿ ಅಡ್ಮಿನ್‌ಗಳಿದ್ದರೂ ಅಳಿಸಿದವರು ಏಕೆ ಅಳಿಸಿದರೆಂಬುದು ಎಷ್ಟೋ ಸಲ ಯಾರಿಗೂ ತಿಳಿಯುವುದಿಲ್ಲ.

ಮೂರು ಗಂಟೆಯ ಸಭೆ

ನೋಟುಬುಕ್ಕಿನ ಹುಡುಕಾಟದಿಂದ ಒಂದು ಲಾಭವಾಯಿತು. ಒಬ್ಬರನ್ನೊಬ್ಬರು ಅರಿಯದ ಅಡ್ಮಿನ್‌ಗಳ ಪರಿಚಯವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ, ಬಿಡುವಿನ ಮೂರು ಗಂಟೆಗೆ, ತಮ್ಮನ ಹೋಟೇಲಿನ ಮೇಲಂತಸ್ತಿನಲ್ಲಿ ನಾವು ಏಳು ಮಂದಿ ಸೇರಿದೆವು. ಒಬ್ಬರು ವಿಮಾ ಕಂಪೆನಿಯ ಗುಮಾಸ್ತರು, ಇಬ್ಬರು ಮ್ಯಾನೇಜರುಗಳು, ಒಬ್ಬರು ರಾತ್ರಿಶಾಲೆಯ ನಿವೃತ್ತ ಮಾಸ್ತರರು, ಒಬ್ಬರು ಟೈಲರು, ಒಬ್ಬರು ಭಟ್ಟರು, ನಾವು. ಭಟ್ಟರೆಂದರೆ ಅಡುಗೆಯ ಭಟ್ಟರು. ಅವರ ಗುಂಪಿನ ಸದಸ್ಯಸಂಖ್ಯೆಯೇ ಎಲ್ಲರಿಗಿಂತ ಹೆಚ್ಚಿನದು.

ಮೊದಲನೆಯ ಸಭೆಯು ಜಗಳದಲ್ಲಿಯೇ ಮುಗಿಯಿತು. ಎಲ್ಲ ಗುಂಪುಗಳಿಗೂ ಒಬ್ಬ ಮುಖ್ಯ ಅಡ್ಮಿನ್ ಇರಲೆಂದು ಒಬ್ಬ ಮ್ಯಾನೇಜರು ಸೂಚಿಸಿದರು. ಆ ಮುಖ್ಯರು ತಾವೇ ಎಂಬುದು ಅವರ ಮುಖದಲ್ಲಿ ಕಾಣುತ್ತಿದ್ದಿತು. ಟೈಲರು ಎದ್ದುನಿಂತು, ತಮ್ಮ ಗುಂಪು ತಮ್ಮ ಮನೆ, ತಮ್ಮ ಮನೆಯ ಒಲೆಗೆ ಬೇರೆಯವರು ಕಟ್ಟಿಗೆ ಒಟ್ಟುವುದು ಬೇಡವೆಂದರು. ಮಾಸ್ತರರು ಮಾತ್ರ ಶಾ೦ತವಾಗಿ, ಮನೆಗಳು ಬೇರೆಯೇ ಇರಲಿ, ಆದರೆ ಕೇರಿಗೆ ಬೆಂಕಿ ಬಿದ್ದಾಗ ಕೊಡ ಹಿಡಿಯುವುದಕ್ಕೆ ಒಪ್ಪಂದ ಬೇಡವೇ ಎಂದು ಕೇಳಿದರು. ಎರಡನೆಯ ಸಭೆಯಲ್ಲಿ ಆ ಮಾತೇ ನಿಂತಿತು. ಯಾರ ನಿಯಮವೂ ಇನ್ನೊಬ್ಬರ ಮೇಲೆ ನಡೆಯತಕ್ಕದ್ದಲ್ಲ. ಒಬ್ಬ ವ್ಯಕ್ತಿಯ ಹೆಸರೋ ಚಿತ್ರವೋ ಇರುವ ಆರೋಪವನ್ನು, ಹೇಳಿದವರ ಹೆಸರಿಲ್ಲದೆ, ಯಾವ ಗುಂಪೂ ಇಟ್ಟುಕೊಳ್ಳಕೂಡದು. ಆರೋಪವು ಹೋದ ಗುಂಪಿಗೆಲ್ಲ ತಿದ್ದುಪಡಿಯೂ ಹೋಗಬೇಕು; ಅದಕ್ಕೆ ‘ನಮ್ಮ ವಿಭಾಗವಲ್ಲ’ ಎಂಬ ಅಡ್ಡಿಯನ್ನು ಒಡ್ಡಕೂಡದು. ಯಾರ ಮಾತನ್ನಾದರೂ ಅಳಿಸಿದರೆ, ಅಳಿಸಿದವರು ಯಾರು, ಏಕೆ ಎಂಬುದನ್ನು ಅಲ್ಲಿಯೇ ಒಂದು ಸಾಲಿನಲ್ಲಿ ಬರೆಯಬೇಕು. ಲೆಕ್ಕ ಕೇಳುವ ಪ್ರಶ್ನೆಯನ್ನು ಅಳಿಸುವಂತಿಲ್ಲವೆಂದು ಸೇರಿಸಿದವರು ವಿಮಾ ಗುಮಾಸ್ತರು. ಅದಕ್ಕೆ ಮಾತ್ರ ಬಹಳ ಹೊತ್ತು ಹಿಡಿಯಿತು.

ವಿಷಯಗಳ ವಿಂಗಡಣೆಯು ನಾವೆಣಿಸಿದಷ್ಟು ಸುಲಭವಾಗಲಿಲ್ಲ. ಉತ್ಸಾಹದಲ್ಲಿ ಉದ್ಯೋಗಕ್ಕೊಂದು, ಬಾಡಿಗೆ ಖೋಲಿಗೊಂದು, ನಿಧನವಾರ್ತೆಗೊಂದು, ರಾಜಕೀಯಕ್ಕೊಂದು, ಯಕ್ಷಗಾನಕ್ಕೊಂದು ಎಂದು ಒಂಬತ್ತು ಕೊಠಡಿಗಳನ್ನು ತೆರೆದೆವು. ತಿಂಗಳೊಳಗೆ ಉದ್ಯೋಗದ ಕೊಠಡಿಯನ್ನು ಬಿಟ್ಟು ಉಳಿದವುಗಳಲ್ಲಿ ಅರ್ಧಕ್ಕರ್ಧ ಬಣಗುಟ್ಟಿದವು. ರಾಜಕೀಯದ ಜಗಳವು ತನಗೆ ಕೊಟ್ಟ ಕೊಠಡಿಯಲ್ಲಿ ಒಬ್ಬನೇ ಕೂತು ಬೇಸರಪಟ್ಟು, ಯಕ್ಷಗಾನದ ಕೊಠಡಿಗೆ ಮರಳಿತು. ನಿಧನವಾರ್ತೆಯ ಕೊಠಡಿಗೆ ಬೆಳಗಾದರೆ ಗುಲಾಬಿ ಹೂವಿನೊಡನೆ ಶುಭೋದಯ ಬರುವುದನ್ನು ಇಂದಿಗೂ ತಡೆಯಲಾಗಿಲ್ಲ. ಈಗ ಉಳಿದಿರುವುದು ನಾಲ್ಕೇ: ಉದ್ಯೋಗ ಮತ್ತು ಖೋಲಿ, ನಿಧನ, ಚರ್ಚೆ, ಮತ್ತು ಅಡ್ಮಿನ್‌ಗಳಷ್ಟೇ ಬರೆಯುವ ಪ್ರಕಟಣೆ. ೨೦೨೨ರ ನವೆಂಬರಿನಲ್ಲಿ ವಾಟ್ಸಪ್‌ನವರೇ ‘ಕಮ್ಯುನಿಟಿ’ ಎಂದು ಹಲವು ಗುಂಪುಗಳನ್ನು ಒಂದೇ ಮಾಡಿನ ಕೆಳಗೆ ಕಟ್ಟುವ ಸೌಕರ್ಯವನ್ನು ತಂದರು. ನಮ್ಮಲ್ಲಿ ಮೂರು ಗುಂಪುಗಳು ಅದಕ್ಕೆ ಸೇರಿದುವು, ನಾಲ್ಕು ಸೇರಲಿಲ್ಲ. ಸೇರದವರಲ್ಲಿ ಟೈಲರೂ ಒಬ್ಬರೆಂದು ಹೇಳಬೇಕಾಗಿಲ್ಲ. ಆದರೂ ತಿದ್ದುಪಡಿಯ ಒಪ್ಪಂದವನ್ನು ಎಲ್ಲರಿಗಿಂತ ನಿಷ್ಠೆಯಿಂದ ನಡೆಸುವವರು ಅವರೇ.

ಆ ಒಪ್ಪಂದಕ್ಕೆ ಪರೀಕ್ಷೆಯೂ ಒಮ್ಮೆ ಬಂದಿತು. ೨೦೨೩ರ ಗಣೇಶ ಚತುರ್ಥಿಯ ಸುಮಾರಿಗೆ, ನಾಲ್ಕು ವರ್ಷಗಳ ಹಿಂದಿನ ಅದೇ ಚಿತ್ರ, ಅದೇ ಒಕ್ಕಣೆ, ಎಲ್ಲಿಂದಲೋ ಎದ್ದು, ಮೀರಾ ರೋಡಿನ ಕಡೆಯ ಹೊಸ ಗುಂಪೊಂದರಲ್ಲಿ ಕಾಣಿಸಿಕೊಂಡಿತು. ಹುಡುಗನು ಆ ವೇಳೆಗೆ ಠಾಣೆಯ ಒಂದು ಕ್ಯಾಂಟೀನಿನಲ್ಲಿ ಕ್ಯಾಶಿಯರಾಗಿದ್ದನು. ಆ ಕೆಲಸಕ್ಕೆ ಸೇರುವಾಗ ತನ್ನ ಮೇಲಿನ ಹಳೆಯ ಆರೋಪವನ್ನೂ ನಮ್ಮ ತಿದ್ದುಪಡಿಯನ್ನೂ ತಾನೇ ಮಾಲೀಕರಿಗೆ ತೋರಿಸಿದ್ದನಂತೆ. ಭಟ್ಟರು ಚಿತ್ರವನ್ನು ಕಂಡು ನಮಗೆ ತಿಳಿಸಿದರು. ನಾವು ಹಳೆಯ ತಿದ್ದುಪಡಿಯನ್ನು ಆ ಅಡ್ಮಿನ್‌ಗೆ ಕಳುಹಿಸಿದೆವು. ಅವರು ನಮ್ಮ ಒಪ್ಪಂದದವರಲ್ಲ, ನಮ್ಮ ಪರಿಚಯದವರೂ ಅಲ್ಲ. ಮುಕ್ಕಾಲು ಗಂಟೆಯಲ್ಲಿ ಚಿತ್ರವನ್ನು ಅಳಿಸಿ, ಅದರ ಜಾಗದಲ್ಲಿ ತಿದ್ದುಪಡಿಯನ್ನು ಹಾಕಿ, ಕೆಳಗೆ ತಮ್ಮ ಹೆಸರನ್ನು ಬರೆದರು.

ನೋಟುಬುಕ್ಕು ಇಂದಿಗೂ ನಮ್ಮ ಮೇಜಿನ ಖಾನೆಯಲ್ಲಿದೆ. ಹದಿನಾಲ್ಕು ಹೆಸರುಗಳಲ್ಲಿ ಹನ್ನೊಂದರ ಎದುರಿಗೆ ಗುರುತು ಬಿದ್ದಿದೆ. ಯಕ್ಷಗಾನದವರೂ, ‘ಸತ್ತ ವಿಷಯ’ ಎಂದವರೂ ಮುಂದೆ ಒಪ್ಪಿ ಹಾಕಿದರು. ವಧೂವರರ ಗುಂಪಿನವರು ಇನ್ನೂ ಹಾಕಿಲ್ಲ. ಉಳಿದ ಇಬ್ಬರಿಗೆ ವರ್ಷಕ್ಕೊಮ್ಮೆ, ಅದೇ ತಾರೀಖಿಗೆ, ಅದೇ ಒಕ್ಕಣೆಯನ್ನು ಕಳುಹಿಸುತ್ತಾ ಬಂದಿದ್ದೇವೆ. ಓದಿದ್ದಾರೆಂಬ ನೀಲಿ ಗುರುತು ಬೀಳುತ್ತದೆ.